ಹೊತ್ತಲ್ಲದ ಹೊತ್ತಿನ ಭೋಂಗಾ

ಅಂಬೇವಾಡಿ, ದಾಂಡೇಲಿ
ಫೆಬ್ರವರಿ ೧೨, ೨೦೨೫

ಪ್ರೀತಿಯ ತಮ್ಮ ಮಲ್ಲೇಶಾ,

ನೀನು, ಸುಮಿತಾ, ಮಗು ಎಲ್ಲರೂ ಕ್ಷೇಮವೇ? ನಿನ್ನ ಬೆನ್ನುನೋವು ಹೇಗಿದೆ? ಅವ್ವ ದಿನಕ್ಕೊಮ್ಮೆ ಅದನ್ನೇ ಕೇಳುತ್ತಾಳೆ, ನನಗೇನು ಗೊತ್ತು ಎಂದು ನಾನು ರೇಗುತ್ತೇನೆ. ಅವಳ ಮಂಡಿ ಹಾಗೇ ಇದೆ, ನಾಲಗೆಯೂ ಹಾಗೇ ಇದೆ. ಫೋನ್ ಬಿಟ್ಟು ಕಾಗದ ಯಾಕೆ ಎನ್ನಬೇಡ. ಫೋನ್ ಮಾಡಿದರೆ "ಕೆಲಸದಾಗ ಅದೇನಿ ಅಕ್ಕಾ, ಆಮ್ಯಾಲ ಮಾಡ್ತೇನಿ" ಎಂದು ಇಟ್ಟುಬಿಡುತ್ತೀ. ಆ ಆಮೇಲೆ ಎನ್ನುವುದು ಯಾವತ್ತು ಬಂದಿದೆ? ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ.

ನೀನು ಹೇಳಿದ ಹಾಗೆ ಹಳಿಯಾಳ ರಸ್ತೆಯಲ್ಲಿ ಹೊಸದಾಗಿ ತೆರೆದಿರುವ ಆ ವಾಹನ ಮತ್ತು ಯಂತ್ರಗಳ ವಸ್ತುಸಂಗ್ರಹಾಲಯಕ್ಕೆ ಅವ್ವನನ್ನು ಭಾನುವಾರ ಕರೆದುಕೊಂಡು ಹೋಗಿದ್ದೆ. ಮೊದಮೊದಲು ಅವಳು ಬಹಳ ಖುಷಿಯಾಗಿದ್ದಳು. ಹಗ್ಗ ಕಟ್ಟಿ ನಿಲ್ಲಿಸಿದ್ದ ಚಕ್ಕಡಿಯನ್ನು ನೋಡಿ, "ಇದು ಸಾಂಬ್ರಾಣಿ ಊರಾಗ ನಮ್ಮಣ್ಣನ ಹಿತ್ತಲದಾಗ ಬಿದ್ದೈತಿ, ಇದನ್ನ ಚೀಟಿ ತಗೊಂಡು ನೋಡಬೇಕೇನು?" ಎಂದು ಎಲ್ಲರಿಗೂ ಕೇಳುವಂತೆ ನಕ್ಕಳು. ಹಳೆಯ ಕಟ್ಟಿಗೆ ಲಾರಿಯ ಮೂತಿಯನ್ನು ಎಮ್ಮೆಯ ಮೂತಿಯಂತೆ ಸವರಿದಳು. ಕಾವಲುಗಾರ ಬೈದರೂ ಕೈ ತೆಗೆಯಲಿಲ್ಲ.

ಆಮೇಲೆ ನೀನು ಕೊಟ್ಟದ್ದನ್ನು ನೋಡಿದೆವು. ನಮ್ಮ ಮುಚ್ಚಿಹೋದ ಕಾರ್ಖಾನೆಯ ಭೋಂಗಾ, ಅದೇ ಆ ಸೈರನ್. ಹಸಿರು ಬಣ್ಣ ಬಳಿದು, ಕೆಳಗೆ ಕೆಂಪು ಗುಂಡಿ ಕೂರಿಸಿದ್ದಾರೆ. ಅವ್ವನಿಗೆ ತಕ್ಷಣ ಗುರುತು ಸಿಗಲಿಲ್ಲ. ಫಲಕದಲ್ಲಿ ಏನಿದೆ ಎಂದು ಕೇಳಿದಳು. 'ಕಾರ್ಮಿಕರಿಗೆ ಸಮಯ ತಿಳಿಸುತ್ತಿದ್ದ ಯಂತ್ರ' ಎಂದು ಓದಿ ಹೇಳಿದೆ. "ಹೊತ್ತಲ್ಲದ ಹೊತ್ತಿನ್ಯಾಗ ಒದರತಿತ್ತಲ್ಲ, ಅದನ್ನ ಬರದಿಲ್ಲೇನು?" ಎಂದಳು. ಅದನ್ನು ಬರೆದಿರಲಿಲ್ಲ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಕೊಡುಗೆ: ಮಲ್ಲೇಶ ಯಲ್ಲಪ್ಪ, ಫೋಂಡಾ' ಎಂದಿತ್ತು. ಅದೇನೆಂದು ಕೇಳಿದಳು. ಕೊಟ್ಟವನ ಹೆಸರು, ಯಾರೋ ಗುಜರಿಯವನದು ಎಂದೆ. ಸುಳ್ಳೇನೂ ಅಲ್ಲವಲ್ಲ, ಫೋಂಡಾದಲ್ಲಿ ನಿನ್ನದು ಗುಜರಿ ಅಂಗಡಿಯೇ. "ಪಾಪ, ಅಂವನ ಮನ್ಯಾಗ ಯಾರೂ ಕಾರ್ಖಾನ್ಯಾಗ ದುಡದಿಲ್ಲ ಕಾಣಸ್ತೈತಿ" ಎಂದಳು. ಮುಖ ಎಲ್ಲಿಟ್ಟುಕೊಳ್ಳಲಿ ಹೇಳು?

ಮಲ್ಲೇಶಾ, ನಿನಗೆ ಮರೆತೇಹೋಯಿತೇ? ಪಾಳಿ ಬಿಡುವಾಗ ಭೋಂಗಾ ಕೂಗಿದರೆ ನಮ್ಮ ಓಣಿಯ ಹೆಂಗಸರು ಒಲೆಯ ಮೇಲೆ ಹೆಂಚಿಡುತ್ತಿದ್ದರು. ಪಾಳಿಯಿಲ್ಲದ ಹೊತ್ತಿನಲ್ಲಿ ಕೂಗಿದರೆ ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಬರಿಗಾಲಲ್ಲಿ ಗೇಟಿಗೆ ಓಡುತ್ತಿದ್ದರು. ಬಾಯ್ಲರ್ ಸಿಡಿದು ಅಪ್ಪ ಹೋದ ದಿನ ಅವ್ವ ಓಡಿದ್ದು ಹಾಗೆಯೇ, ಮೊಣಕೈವರೆಗೂ ಜೋಳದ ಹಿಟ್ಟು. ಆಮೇಲೆ ಅಪ್ಪನ ಜಾಗಕ್ಕೆ ನಿನ್ನನ್ನೇ ತೆಗೆದುಕೊಂಡರು. ನೀನು ಪಾಳಿಗೆ ಹೋದಾಗೆಲ್ಲ ಅವಳು ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲ.

ಮೊನ್ನೆ ಭೋಂಗಾ ನೋಡಿ ಹೊರಬಂದ ಮೇಲೆ ನಾನು ಚಹಾ ತರಲು ಹೋಗಿದ್ದೆ. ಅವಳು ಚಪ್ಪಲಿ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಯಾರೋ ತಮಾಷೆಗೆ ಗುಂಡಿ ಒತ್ತಿದರು. ಆ ಸದ್ದು ಕೇಳಿ ತಿರುಗಿ ನೋಡಿದರೆ ಅವ್ವ ಕಟ್ಟೆಯ ಮೇಲಿಲ್ಲ. ಮೆಟ್ಟಿಲಿಗೆ ಹೆದರುವ ಆ ಮಂಡಿಯಲ್ಲಿ, ಸೆರಗು ನೆಲಕ್ಕೆ ಬಿದ್ದಿದ್ದರೂ ಗೇಟಿನ ಕಡೆಗೆ ಓಡುತ್ತಿದ್ದಳು. ಓಡುತ್ತ ಕೂಗುತ್ತಿದ್ದಳು. ಜನ ನಕ್ಕರು. ಇಬ್ಬರು ಮೊಬೈಲ್ ಹಿಡಿದು ವಿಡಿಯೊ ಮಾಡಿಕೊಂಡರು. ಅವಳು ಕಬ್ಬಿಣದ ಗೇಟು ಹಿಡಿದು ಅಲ್ಲಾಡಿಸುತ್ತಿದ್ದಳು, ಹೊರಗೆ ಹೋಗಲು ಅಲ್ಲ, ಒಳಗೆ ಬಿಡಿ ಎಂದು. ತಾನು ಒಳಗೇ ಇದ್ದೇನೆ ಎನ್ನುವುದು ಅವಳಿಗೆ ಹೊಳೆದಿರಲಿಲ್ಲ. ಅಲ್ಲಿನ ವ್ಯವಸ್ಥಾಪಕರು ನೀರು ಕೊಟ್ಟು, "ಯಜಮಾನರ ನೆನಪಾಗಿರಬೇಕ್ರಿ, ಪಾಪ" ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಮುಂದಿನ ತಿಂಗಳು ಅಲ್ಲಿ ನಿನಗೆ ಸನ್ಮಾನವಂತೆ, ಅದಕ್ಕೆ ಭೋಂಗಾದ ಪಕ್ಕ ಅವ್ವ ನಿಂತಿರುವ ಫೋಟೊ ಬೇಕಂತೆ. ಫೋಟೊ ಕಳಿಸುವುದಿಲ್ಲ. ಶಾಲು, ಹಾರ ಹಾಕಿಸಿಕೊಳ್ಳುವ ಮೊದಲು ಆ ಗುಂಡಿಯ ತಂತಿ ಕೀಳಿಸು. ಅಷ್ಟು ಮಾಡುವ ಅಧಿಕಾರ ಕೊಟ್ಟವನಿಗೆ ಇದ್ದೇ ಇರುತ್ತದೆ. ನನಗೆ ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೂ ಬೆನ್ನಿಗೆ ಎಣ್ಣೆ ಹಚ್ಚಿಸಿಕೋ, ಭಾರ ಎತ್ತಬೇಡ. ಸುಮಿತಾಗೆ ನನ್ನ ನೆನಪು ಹೇಳು. ಮಗುವಿಗೆ ಅಜ್ಜಿಯ ಮುತ್ತು. ಶಿವ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಅನ್ನಪೂರ್ಣಾ

ತಾ.ಕ.: ಪಾಕೀಟು ಅಂಟಿಸುವ ಮೊದಲು ಇದೊಂದು. ವ್ಯವಸ್ಥಾಪಕರಿಗೆ ನಾನು ಹೌದೆಂದದ್ದು ಸುಳ್ಳು. ಅವ್ವ ಕೂಗುತ್ತಿದ್ದುದು ಅಪ್ಪನ ಹೆಸರನ್ನಲ್ಲ, ನಿನ್ನದು. "ಮಲ್ಲೇಶ ಹೊರಗ ಬಂದನೇನು, ನೋಡ" ಎಂದು ನನ್ನ ಕೈ ಹಿಡಿದು ಜಗ್ಗಿದಳು. ಇನ್ನೂ ಬಂದಿಲ್ಲ ಎಂದೆ. ಅಂದಿನಿಂದ ಮತ್ತೆ ಹೊಸ್ತಿಲಲ್ಲೇ ಕೂರುತ್ತಿದ್ದಾಳೆ. ಸನ್ಮಾನಕ್ಕೆ ಈ ದಾರಿಯಲ್ಲೇ ಬರುತ್ತೀಯಲ್ಲ, ಮೊದಲು ಮನೆಗೆ ಬಾ.