ಹಾವಿಗೆ ಚುಚ್ಚಿದ ಕತ್ತಿ

ಕಾಸೆಲ್, ಮಾರ್ಚ್ 1, 1998

ಗುಡ್ರುನ್,

ನನಗೆ ಮೊದಲು ಆದದ್ದು ಸಂತೋಷ. ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಯೋಣ ಎಂದುಕೊಂಡಿದ್ದೆ.

ನಿನ್ನೆ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಪದಕ ಕಂಡಿತು. ಹಲವು ಹೆಡೆಯ ಹಾವು, ಅದಕ್ಕೆ ಚುಚ್ಚಿದ ಕತ್ತಿ. ಹಿಡಿಯ ಮೇಲಿನ ನಾಜಿ ಸ್ವಸ್ತಿಕವನ್ನು, ತೋರಿಸಿದರೆ ಅಪರಾಧವೆಂದು, ಎಲ್ಲರೂ ಮಾಡುವಂತೆ ಬೆಲೆಚೀಟಿ ಅಂಟಿಸಿ ಮುಚ್ಚಿದ್ದರು. ಯುದ್ಧಕಾಲದಲ್ಲಿ ಬಂಡುಕೋರರನ್ನು ಬೇಟೆಯಾಡಿದ ನಮ್ಮ ಸೈನಿಕರಿಗೆ ಕೊಟ್ಟ ಪದಕ ಅದು. ಆ ಬೇಟೆಯಲ್ಲಿ ಹಳ್ಳಿಗಳು ಜನರ ಸಮೇತ ಸುಟ್ಟುಹೋದವು. ಪದಕವೂ ಅದರ ಪ್ರದಾನಪತ್ರವೂ ಒಟ್ಟಿಗೆ ಸಿಗುವುದು ಅಪರೂಪ. ಇಷ್ಟು ವರ್ಷ ಯುದ್ಧಪದಕ ಸಂಗ್ರಹಿಸಿದ ನನಗೂ ಸಿಕ್ಕಿರಲಿಲ್ಲ. ಹಿಗ್ಗಿನಿಂದಲೇ ಜೊತೆಗಿದ್ದ ಪ್ರದಾನಪತ್ರ ಬಿಡಿಸಿದೆ. ನಿನ್ನ ಅಪ್ಪನ ಹೆಸರಿತ್ತು.

ಅವರನ್ನು ವೃದ್ಧಾಶ್ರಮಕ್ಕೆ ಸೇರಿಸಿದಾಗ ನೀನು ಬೀರುಗಳನ್ನು ತೆರೆದೂ ನೋಡದೆ ಮನೆ ಖಾಲಿ ಮಾಡುವವರಿಗೆ ಒಪ್ಪಿಸಿದ್ದೆಯಲ್ಲ.

“ಏನಮ್ಮಾ, ಗುರುತಿನವರಾ?” ಎಂದ ಮಾರುವವನು.

“ಇಲ್ಲಪ್ಪ, ಯಾರೋ.”

ನಿನ್ನ ಅಪ್ಪನ ಮೇಜಿಗೆ ಕೂತು ಎಷ್ಟು ಭಾನುವಾರ ಪ್ಲಮ್ ಕೇಕ್ ತಿಂದಿದ್ದೇನೆ!

“ಮತ್ತೆ ಮುಖ ಯಾಕೆ ಹಂಗೆ ಕೆಂಪಾಯ್ತು? ರೇಟು ಕೇಳಿಯಾ?”

ನಾನು ಚೌಕಾಸಿ ಕೂಡ ಮಾಡಿದೆ.

ಅವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಮಾತಾಡಲು ನೀನು ನನ್ನನ್ನೇ ಕೇಳಿದ್ದೆ. “ಸೈನ್ಯದಲ್ಲಿ ಅಡಿಗೆ ಮಾಡ್ಕೊಂಡಿದ್ದೋರು ಕಣೇ, ಪಾಪ. ಪದಕ ಎಲ್ಲಿಂದ ಬರ್ಬೇಕು? ಸಿಕ್ಕಿದ್ದು ಸೌಟು! ಅದನ್ನೇ ಹೇಳಿ ಎಲ್ರನ್ನೂ ನಗಿಸು” ಎಂದು ಫೋನಿನಲ್ಲಿ ನೀನೇ ನಕ್ಕಿದ್ದೆ.

ನಗಿಸುವ ಭಾಷಣ ಬರೆದು ಮುಗಿಸಿದ್ದೇನೆ, ಸೌಟಿನ ಸಮೇತ. ಸಮಾರಂಭ ಹದಿನಾಲ್ಕಕ್ಕೆ. ಮರುದಿನ ಭಾನುವಾರ. ಈ ಪತ್ರವನ್ನು ಮಾರ್ಚ್ ಹದಿನಾರರಂದು ಅಂಚೆಗೆ ಹಾಕುತ್ತೇನೆ.