ಗಾಡಿ ಮಾರುವುದು ಬೇಡ

ಬೆಂಟ್ಲಿ, ಪರ್ತ್
ಅಕ್ಟೋಬರ್ ೧೯೮೪

ಪ್ರೀತಿಯ ಚಂದ್ರಮೌಳಿ ಅವರಿಗೆ,

ನನ್ನ ಮೋಟಾರ್‌ಸೈಕಲ್ ಮಾರಲು ಪತ್ರಿಕೆಗೆ ಜಾಹೀರಾತು ಕೊಡಬೇಡಿ ಎಂದು ಪಕ್ಕದ ಬೀದಿಯ ಸತ್ಯನಾರಾಯಣ ಅಂಕಲ್‌ಗೆ ನೀವೇ ಫೋನ್ ಮಾಡಿ ಹೇಳಿ. ನಾನು ಹೇಳಿದರೆ, "ಅಡಿಲೇಡ್‌ನಿಂದ ನಿನ್ ಗಂಡ ಹೇಳಿದ್ಮೇಲೆ ನಾನೇನ್ ಮಾಡ್ಲಮ್ಮ?" ಅನ್ನುತ್ತಾರೆ.

ಗಾಡಿ ಜಲ್ಲಿಯ ಮೇಲೆ ಜಾರಿ ಬಿದ್ದಾಗ ತರಚಿದ ಮೊಣಕಾಲು ವಾಸಿಯಾಗಿದೆ. ಆದರೆ ರೋಗಿಗಳಿಗೆ ಹೊಲಿಗೆ ಹಾಕಲು ಹೆದರದ ನಾನು ಗಾಡಿ ಹತ್ತಲು ಹೆದರುತ್ತಿದ್ದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ, ಮತ್ತೆ ಆಫ್ ಮಾಡಿ, ಬಸ್ಸಿಗೆ ಓಡುತ್ತಿದ್ದೆ. ರಜೆಯ ದಿನ ಕೂತಲ್ಲಿ ಕೂರಲಾಗದೆ ಗಾಡಿಯ ಸುತ್ತಲೇ ಓಡಾಡುತ್ತಿದ್ದೆ.

ಭಾನುವಾರ ಪಕ್ಕದ ಮನೆಯ ಶಾರದಾ ಆಂಟಿ ಅದನ್ನು ನೋಡಿ, "ಹೀಗೆ ಪ್ರದಕ್ಷಿಣೆ ಹಾಕೋ ಬದ್ಲು ಓಡ್ಸೇ, ನಾನು ಜೊತೇಲಿರ್ತೀನಿ" ಎಂದರು. ಹತ್ತಿರದ ಕಾಲೇಜಿನ ಖಾಲಿ ಕಾರ್ ಪಾರ್ಕಿಗೆ ಇಬ್ಬರೂ ಗಾಡಿ ತಳ್ಳಿಕೊಂಡು ಹೋದೆವು. ಮೊದಲ ಸುತ್ತಿನಲ್ಲೇ ಎಂಜಿನ್ ನಿಂತುಹೋಯಿತು. ಮತ್ತೆ ಹೊರಟು, ತಿರುವಿನಲ್ಲಿ ಹೆದರಿ ನೆಲ ನೋಡಿದೆ. ಗಾಡಿಯೂ ನೆಲದತ್ತಲೇ ವಾಲಿತು.

"ಕೆಳಗ್ಯಾಕೇ ನೋಡ್ತೀಯ, ನನ್ನ ನೋಡು!" ಎಂದು ಆಂಟಿ ಕೂಗಿದರು. ಅವರ ಹಳದಿ ಸೀರೆಯನ್ನೇ ನೋಡುತ್ತ ತಿರುಗಿಸಿದೆ, ಸಲೀಸಾಗಿ ತಿರುಗಿತು. ಸಂಜೆ, ಅವತ್ತು ಜಾರಿ ಬಿದ್ದಿದ್ದ ಜಲ್ಲಿಯ ಜಾಗವನ್ನು ಒಬ್ಬಳೇ ದಾಟಿ ಬಂದೆ. ಹೆದರಿಕೆಯಾದರೂ ಗಾಡಿ ನಿಲ್ಲಿಸಲಿಲ್ಲ. ಮನೆಗೆ ಬಂದ ಮೇಲೂ ನಿಲ್ಲಲಾಗದೆ ಇನ್ನೊಮ್ಮೆ ಹೋಗಿಬಂದೆ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಕ್ರಿಸ್ಮಸ್ ರಜೆಗೆ ಬರುವಾಗ ದೊಡ್ಡ ಸೂಟ್‌ಕೇಸ್ ತರಬೇಡಿ, ಬೆನ್ನಿಗೆ ಹಾಕಿಕೊಳ್ಳುವ ಚೀಲ ಸಾಕು. ನಿಮ್ಮನ್ನು ಮನೆಗೆ ಕರೆತರಲು ಏರ್‌ಪೋರ್ಟಿಗೆ ನಾನೇ ಗಾಡಿಯಲ್ಲಿ ಬರುತ್ತೇನೆ.

ನಿಮ್ಮ
ಜಯಮಾಲಾ