ತಿರುವಿನಲ್ಲಿ ಬಿದ್ದ ಬುತ್ತಿ

ಬಸ್ಸುಗಳ ವೇಳೆ ಮತ್ತು ನಿಲುಗಡೆ ಗೊತ್ತುಮಾಡುವ ಅಧಿಕಾರಿಗಳಿಗೆ,

ಮಾನ್ಯರೇ,

ದಾವಣಗೆರೆಯಿಂದ ಚನ್ನಗಿರಿಗೆ ಬರುವ ಭಾನುವಾರ ಬೆಳಗಿನ ಬಸ್ಸನ್ನು ತಾವು ಎಕ್ಸ್‌ಪ್ರೆಸ್ ಮಾಡಿದ್ದೀರಿ. ಅದು ಈಗ ಕೆರೆಬಿಳಚಿಯ ಹತ್ತಿರದ ಕೆರೆ ತಿರುವಿನಲ್ಲಿ ನಿಲ್ಲುವುದಿಲ್ಲ. ನನ್ನ ದೂರು ಇಷ್ಟೇ. ಇಷ್ಟಕ್ಕೆ ಒಬ್ಬ ಮನುಷ್ಯ ಪತ್ರಿಕೆಗೆ ಇಷ್ಟುದ್ದ ಬರೆಯಬೇಕೇ ಎಂದು ತಮಗೆ ಅನ್ನಿಸಬಹುದು. ಮೊದಲು ತಮಗೇ ಬರೆದಿದ್ದೆ. ಸದರಿ ಸ್ಥಳದಲ್ಲಿ ಹತ್ತುವ ಅಥವಾ ಇಳಿಯುವ ಪ್ರಯಾಣಿಕರು ಕಂಡುಬಂದಿರುವುದಿಲ್ಲ ಎಂದು ತಮ್ಮ ಕಚೇರಿಯಿಂದ ಉತ್ತರ ಬಂತು. ತಮಗೆ ಕಂಡುಬಾರದಿದ್ದರೆ ಓದುವ ನಾಲ್ಕು ಜನಕ್ಕಾದರೂ ಕಂಡುಬರಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮ ಸಿಬ್ಬಂದಿ ತಿರುವಿಗೆ ಬಂದು ಪರಿಶೀಲಿಸಿದ್ದು ನಿಜ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೊರಟು ನಿಂತಿದ್ದ ನಾನೇ ಅವರಿಗೆ ಕಟ್ಟೆ ಗುಡಿಸಿ ಕೂರಿಸಿದೆ, ನೀರು ಬೆಲ್ಲ ಕೊಟ್ಟೆ. ಆದರೆ ಅವರು ಬಂದದ್ದು ಮಂಗಳವಾರ. ಮಂಗಳವಾರ ದಾವಣಗೆರೆಯಲ್ಲಿ ಹತ್ತಿ ಗಿರಣಿ ನಡೆಯುತ್ತದೆ, ಶಾಲೆ ನಡೆಯುತ್ತದೆ, ತಮ್ಮಂಥವರ ಕಚೇರಿಯೂ ನಡೆಯುತ್ತದೆ ಎಂದು ನಂಬಿದ್ದೇನೆ. ಅಂಥ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೆರೆ ನೋಡಲು ಯಾರು ಬರುತ್ತಾರೆ? ಮದುವೆಯ ಹಿಂದಿನ ವಾರ ಮದುವೆ ಮನೆಗೆ ಹೋಗಿ, ಪಂಕ್ತಿಯಲ್ಲಿ ಒಬ್ಬರೂ ಉಣ್ಣುತ್ತಿರಲಿಲ್ಲ ಎಂದು ವರದಿ ಬರೆದ ಹಾಗಾಯಿತು ಇದು.

ಈ ಎಕ್ಸ್‌ಪ್ರೆಸ್ಸಿನ ಅವಸರವೂ ನನಗೆ ಅರ್ಥವಾಗಿಲ್ಲ. ಹತ್ತಿದರೆ ದಾವಣಗೆರೆ, ಇಳಿದರೆ ಚನ್ನಗಿರಿ, ನಡುವೆ ನಾವು ಯಾರೂ ಇಲ್ಲ. ಭಾನುವಾರ ಚನ್ನಗಿರಿಯಲ್ಲಿ ತಾಲ್ಲೂಕು ಕಚೇರಿ ಮುಚ್ಚಿರುತ್ತದೆ, ಅಡಿಕೆ ಮಂಡಿ ಮುಚ್ಚಿರುತ್ತದೆ, ಅಂಗಡಿಗಳ ಬಾಗಿಲು ಅರ್ಧ ಇಳಿದಿರುತ್ತದೆ. ಅಷ್ಟು ಬೇಗ ಅಲ್ಲಿಗೆ ಮುಟ್ಟಿ ಜನ ಮಾಡುವುದಾದರೂ ಏನು? ಮುಚ್ಚಿದ ಬಾಗಿಲನ್ನು ಅರ್ಧ ಗಂಟೆ ಮುಂಚಿತವಾಗಿ ನೋಡುವ ಅನುಕೂಲವನ್ನು ಸಾರ್ವಜನಿಕರಿಗೆ ಒದಗಿಸಿದ್ದಕ್ಕೆ ತಮಗೆ ವಂದನೆಗಳು.

ನಾನು ಯಾರೆಂದು ಹೇಳಿಕೊಳ್ಳಬೇಕು. ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಕಾಗದಪತ್ರ ಬರೆಯುವ ಗುಮಾಸ್ತ. ಪರಸ್ಥಳದ ವ್ಯಾಪಾರಿಗಳಿಗೆ ಕ್ಷೇಮ ಸಮಾಚಾರ ಕೇಳಿ ಬರೆದೂ ಬರೆದೂ ಕೈ ಪಳಗಿದೆ. ನನ್ನ ಕ್ಷೇಮ ಕೇಳಿ ಬರೆಯುವವರು ಯಾರೂ ಇಲ್ಲ. ಮಕ್ಕಳಿಲ್ಲ. ಹೆಂಡತಿ ಕಸ್ತೂರಮ್ಮ ತೀರಿಕೊಂಡು ಇದು ಮೂರನೆಯ ವರ್ಷ. ನಮ್ಮ ಮನೆ ಇರುವುದು ಆ ತಿರುವಿನಲ್ಲೇ. ಮುಂದೆ ಹೊಂಗೆ ಮರ, ಮರದ ಕೆಳಗೆ ಕಲ್ಲಿನ ಕಟ್ಟೆ. ಅಲ್ಲಿಂದ ಸ್ವಲ್ಪ ನಡೆದರೆ ಸೂಳೆಕೆರೆ. ತಮ್ಮ ಫಲಕದಲ್ಲಿ ಅದು ಶಾಂತಿಸಾಗರ.

ಎಪ್ಪತ್ತರ ದಶಕದ ಆರಂಭದಲ್ಲಿ ದಾವಣಗೆರೆಯ ಸಂಸಾರಗಳು ಭಾನುವಾರ ಬೆಳಿಗ್ಗೆ ಬಂದು ಸಂಜೆ ಹಿಂದಿರುಗುವ ರೂಢಿ ಶುರುವಾಯಿತು. ಗಿರಣಿಯವರು, ಮಾಸ್ತರರು, ಬಟ್ಟೆ ಅಂಗಡಿಯವರು ಬರುತ್ತಿದ್ದರು. ಎಳೆಗೂಸುಗಳಿಗೆ ನೆರಳು ಬೇಕು, ಕುಡಿಯಲು ನೀರು ಬೇಕು, ಕೆರೆಯಲ್ಲಿ ನೆನೆದ ಹುಡುಗರಿಗೆ ಬಟ್ಟೆ ಬದಲಿಸಲು ಒಂದು ಮರೆ ಬೇಕು. ಕಸ್ತೂರಮ್ಮ ಬಾಗಿಲು ತೆರೆದಿಟ್ಟಳು. ಅವರು ನಮ್ಮ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರೆ ಮೊದಲ ಪಾಲು ನಮ್ಮ ತಟ್ಟೆಗೆ. ಹೀಗೆಂದು ಯಾರೂ ಗೊತ್ತುಮಾಡಿದ್ದಲ್ಲ, ನಡೆದುಕೊಂಡು ಬಂತು. ಒಬ್ಬರ ಮನೆಯ ರೊಟ್ಟಿ, ಇನ್ನೊಬ್ಬರ ಮನೆಯ ಶೇಂಗಾ ಚಟ್ನಿ, ಮತ್ತೊಬ್ಬರ ಮೊಸರನ್ನ ಸೇರಿ ನಮ್ಮ ತಟ್ಟೆ ತುಂಬುತ್ತಿತ್ತು. ಹಾಗಾಗಿ ಭಾನುವಾರ ನಮ್ಮ ಮನೆಯಲ್ಲಿ ಒಲೆ ಹಚ್ಚುವುದೇ ನಿಂತಿತು. ಇದು ಸರಿಯೇ ಎಂದು ನಾನು ಕೇಳಿದ್ದಕ್ಕೆ ಅವಳು ಹೇಳಿದಳು, "ಅವ್ರು ಅಷ್ಟು ದೂರದಿಂದ ಹೊತ್ಕಂಡು ಬಂದಿರ್ತಾರೆ. ನಾವು ಉಂಡು ಕುಂತಿದ್ರೆ ಅವ್ರಿಗೆ ಬ್ಯಾಸರ ಆಗಲ್ವೇನ್ರೀ? ವಾರಕ್ಕೊಂದಿನ ಒಲಿಗೂ ರಜ ಇರ್ಲಿ ಬಿಡ್ರಿ."

ಅವಳು ಹೋದ ಮೇಲಿನ ಮೊದಲ ಭಾನುವಾರ ನಾನು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದೆ. ಬಾಗಿಲು ಬಡಿದವಳು ಅಜ್ಜಮ್ಮ. ಗಿರಣಿಯಲ್ಲಿ ಕೆಲಸ ಮಾಡುವ ಬಂಗಾರಪ್ಪನ ತಾಯಿ. ಬರದ ಜಗಳೂರು ಸೀಮೆಯ ಬಿಳಿಚೋಡಿನವಳು, ವಯಸ್ಸು ಎಪ್ಪತ್ತರ ಮೇಲೆ. ಈಕೆ ಮೊದಲ ಸಲ ಬಂದಾಗ ಕೆರೆಯ ದಂಡೆಯಲ್ಲಿ ಚಪ್ಪಲಿ ಬಿಟ್ಟು ನಿಂತವಳು ನೀರಿಗೆ ಇಳಿಯಲೇ ಇಲ್ಲ. ಇಷ್ಟು ನೀರು ಒಂದೇ ಕಡೆ ಇರುವುದನ್ನು ನೋಡಿಲ್ಲ, ಇದರಲ್ಲಿ ಕಾಲು ಹೇಗೆ ಇಡುವುದು ಎಂದು ಸೆರಗು ಹೊದ್ದು ಕೈ ಮುಗಿದಿದ್ದಳು. ನಾನು ಬಾಗಿಲು ಹಾಕಿಕೊಂಡಿದ್ದ ಆ ಭಾನುವಾರ ಅವಳು ಸೀದಾ ಅಡುಗೆಮನೆಗೆ ಹೋದಳು. ತಣ್ಣಗಿದ್ದ ಒಲೆ ನೋಡಿದಳು. ತಟ್ಟೆ ತೊಳೆದು, ರೊಟ್ಟಿ ಇಟ್ಟು, ನಾನು ಉಣ್ಣುವ ತನಕ ಎದುರಿಗೆ ಕುಳಿತಿದ್ದಳು. ಆಮೇಲೆ ಬಾಗಿಲು ಹಾಕಿಕೊಳ್ಳುವುದನ್ನು ನಾನು ಬಿಟ್ಟೆ. ವಾರದ ಆರು ದಿನ ನನ್ನದೇ ಅಡುಗೆ ನಾನೇ ಉಣ್ಣುತ್ತೇನೆ, ಅದರ ರುಚಿಯ ಬಗ್ಗೆ ಯಾರೊಡನೆಯೂ ಜಗಳವಿಲ್ಲ. ಏಳನೆಯ ದಿನವೊಂದು ಇದೆಯಲ್ಲ ಎಂಬ ಧೈರ್ಯದಲ್ಲಿ ಆ ಆರು ದಿನ ಕಳೆಯುತ್ತಿದ್ದವು.

ಕಳೆದ ದೀಪಾವಳಿ ಆದ ಮೇಲೆ ತಮ್ಮ ಎಕ್ಸ್‌ಪ್ರೆಸ್ ಬಂತು. ಜನ ಬರುವುದು ನಿಂತಿತು. ಈಗ ಅವರೆಲ್ಲ ಹೊನ್ನಾಳಿಯ ಹೊಳೆ ದಂಡೆಗೆ ಹೋಗುತ್ತಾರಂತೆ, ನ್ಯಾಮತಿ ದಾಟಿ ತೀರ್ಥರಾಮೇಶ್ವರಕ್ಕೂ ಹೋಗುತ್ತಾರಂತೆ. ಹೋಗಲಿ, ಅಲ್ಲಿಯೂ ನೀರಿದೆ. ಆದರೆ ಹೊಳೆಯೊಂದರ ಮೇಲೆ ಹೊಟ್ಟೆಕಿಚ್ಚು ಪಡುವ ಕಾಲ ನನಗೆ ಬಂದೀತೆಂದು ಎಣಿಸಿರಲಿಲ್ಲ. ಭಾನುವಾರ ಕಟ್ಟೆ ಗುಡಿಸುತ್ತೇನೆ, ಚೊಂಬಿನಲ್ಲಿ ನೀರು ತುಂಬುತ್ತೇನೆ, ತಟ್ಟೆಯಲ್ಲಿ ಬೆಲ್ಲ ಇಟ್ಟುಕೊಂಡು ರಸ್ತೆಗೆ ಬರುತ್ತೇನೆ. ಬಸ್ಸು ಧೂಳೆಬ್ಬಿಸಿ ಹೋಗುತ್ತದೆ. ಆಮೇಲೆ ಒಲೆ ಹಚ್ಚಬಹುದಲ್ಲ ಎಂದು ತಾವು ಕೇಳಬಹುದು. ಹಚ್ಚಬಹುದು. ಆದರೆ ಹಚ್ಚಿದರೆ ಇನ್ನು ಯಾರೂ ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡ ಹಾಗೆ. ಅದು ನನ್ನಿಂದ ಆಗಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಹಾಗೆಯೇ ನಿಂತಿದ್ದೆ. ತಿರುವಿನಲ್ಲಿ ಬಸ್ಸು ಎಂಥ ಎಕ್ಸ್‌ಪ್ರೆಸ್ ಆದರೂ ನಿಧಾನ ಮಾಡಲೇಬೇಕು. ಬಾಗಿಲಲ್ಲಿ ಬಂಗಾರಪ್ಪ ಜೋತುಬಿದ್ದು ನಿಂತಿದ್ದ, ಹಿಂದಿನ ಕಿಟಕಿಯಲ್ಲಿ ಅಜ್ಜಮ್ಮನ ಮುಖ ಇತ್ತು. ಬಸ್ಸು ನಿಲ್ಲಲಿಲ್ಲ. ಬಂಗಾರಪ್ಪ ಬಗ್ಗಿ ಬುತ್ತಿಯ ಗಂಟನ್ನು ನನ್ನತ್ತ ನೀಡಿದ. ನನ್ನ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಬೆಲ್ಲದ ತಟ್ಟೆ. ಹಿಡಿಯಲಾಗಲಿಲ್ಲ. ಗಂಟು ನನ್ನ ಕಾಲ ಬಳಿ ಧೂಳಿನಲ್ಲಿ ಬಿತ್ತು, ಬಸ್ಸು ಹೋಯಿತು.

ಬಿಚ್ಚಿ ನೋಡಿದರೆ ಇಡೀ ಮನೆಯ ಬುತ್ತಿ. ಮೊದಲ ಪಾಲು ನನ್ನದು, ಸರಿ. ಉಳಿದದ್ದು? ಕಟ್ಟೆಯ ಮೇಲೆ ಕುಳಿತು ಒಂದು ರೊಟ್ಟಿ ಮುರಿದೆ, ತಿನ್ನದೆ ಅದರಲ್ಲೇ ಇಟ್ಟೆ. ಮತ್ತೆ ಕಟ್ಟಿಟ್ಟು, ಸಂಜೆ ಬಸ್ಸು ಹಿಂದಿರುಗುವ ಹೊತ್ತಿಗೆ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ರಸ್ತೆಯಲ್ಲಿ ನಿಂತೆ. ಸಂಜೆಯದೂ ಎಕ್ಸ್‌ಪ್ರೆಸ್ಸೇ ಎಂಬುದನ್ನು ತಾವು ಬಲ್ಲಿರಿ.

ಮರುದಿನ ಚನ್ನಗಿರಿ ಬಸ್ ನಿಲ್ದಾಣದಲ್ಲಿ ಆ ಬಸ್ಸಿನ ಕಂಡಕ್ಟರ್ ಕಲ್ಲೇಶಪ್ಪ ಸಿಕ್ಕ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಿಲ್ಲಿಸಿದರೆ ಮುಂದೆ ತಪಾಸಣೆಯವರು ಕಾದಿರುತ್ತಾರೆ. ಬಸ್ಸು ತಿರುವಿನಲ್ಲಿ ನಿಲ್ಲುವುದಿಲ್ಲವೆಂಬುದು, ದೀಪಾವಳಿ ಆದ ಮೇಲೆ ಅಂದೇ ಮೊದಲ ಸಲ ಹೊರಟಿದ್ದ ಆ ಸಂಸಾರಕ್ಕೆ ಹತ್ತಿದ ಮೇಲೆ ತಿಳಿಯಿತಂತೆ. ಬೇಡಿಕೊಂಡರಂತೆ. ಕೊನೆಗೆ ಅವರು ಚನ್ನಗಿರಿ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಬಾಳೆಹಣ್ಣು ತಿಂದು ಸಂಜೆಯವರೆಗೂ ಕುಳಿತಿದ್ದರಂತೆ. ಕೆರೆ ನೋಡಲು ಹೊರಟವರು ಬಸ್ ನಿಲ್ದಾಣ ನೋಡಿಕೊಂಡು ಊರಿಗೆ ಹೋದರು. ಬುತ್ತಿ ಯಾಕೆ ಕೊಟ್ಟುಹೋದರು ಎಂದು ಕೇಳಿದೆ. ಕಲ್ಲೇಶಪ್ಪ ಚೀಲದ ಬಾರು ಸರಿಮಾಡಿಕೊಳ್ಳುತ್ತ ಹೇಳಿದ, "ಆ ಮುದುಕಿ ಅಂದ್ಲು ಸ್ವಾಮಿ. ನಿಲ್ಸಾಕೆ ಆಗ್ದಿದ್ರೆ ಹೋಗ್ಲಿ ಬಿಡಪ್ಪ, ಇದೊಂದು ಆಯಪ್ಪಂಗೆ ಮುಟ್ಸು, ಇವತ್ತು ಐತವಾರ, ಅವ್ನು ಒಲಿ ಹಚ್ಚಿರಾಕಿಲ್ಲ ಅಂತ."

ಮಾನ್ಯರೇ, ನಾನು ಮಂಡಿಗೆ ಹೋಗಲಿಲ್ಲ. ನಿಲ್ದಾಣದ ಹಿಂದೆ ಹೋಗಿ ಅತ್ತೆ. ನನ್ನ ಒಲೆ ಯಾವ ದಿನ ಉರಿಯುತ್ತದೆ, ಯಾವ ದಿನ ಉರಿಯುವುದಿಲ್ಲ ಎಂದು ತಿಳಿದಿದ್ದವಳು ಕಸ್ತೂರಮ್ಮ. ಅವಳು ಹೋದ ಮೇಲೂ ಅದನ್ನು ನೆನಪಿಟ್ಟುಕೊಂಡ ಜೀವ ಒಂದಿದೆ, ಅದು ನನ್ನ ಮನೆಯ ಮುಂದೆಯೇ ಹಾದುಹೋಗುತ್ತದೆ, ಇಳಿಯುವಂತಿಲ್ಲ. ಇದನ್ನು ತಮ್ಮ ವೇಳಾಪಟ್ಟಿಯ ಯಾವ ಕಲಮಿನಲ್ಲಿ ಬರೆಯುತ್ತೀರಿ?

ಆ ಬುತ್ತಿಯ ಬಟ್ಟೆ ಒಗೆದು ಮಡಿಸಿ ಇಟ್ಟಿದ್ದೇನೆ. ನಮ್ಮಲ್ಲಿ ಬುತ್ತಿ ಬಟ್ಟೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಅದರಲ್ಲಿ ಒಂದು ಅಚ್ಚು ಬೆಲ್ಲ, ಒಂದಿಷ್ಟು ಅಡಿಕೆ ಕಟ್ಟಿದ್ದೇನೆ. ಅವರ ದಾವಣಗೆರೆಯ ವಿಳಾಸ ನನಗೆ ಗೊತ್ತಿಲ್ಲ. ಪ್ರತಿ ಭಾನುವಾರ ಬರುವವರ ವಿಳಾಸ ಯಾರು ಕೇಳುತ್ತಾರೆ?

ಆದ್ದರಿಂದ ನನ್ನ ಬೇಡಿಕೆ ಇದು. ಭಾನುವಾರದ ಬೆಳಗಿನ ಮತ್ತು ಸಂಜೆಯ ಬಸ್ಸು ಕೆರೆ ತಿರುವಿನಲ್ಲಿ ನಿಲ್ಲಬೇಕು. ಎಷ್ಟು ಹೊತ್ತು ಎಂದರೆ, ಎಪ್ಪತ್ತು ದಾಟಿದ ಹೆಂಗಸೊಬ್ಬಳು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿಯುವಷ್ಟು ಹೊತ್ತು. ಅಲ್ಲಿಯವರೆಗೆ ಭಾನುವಾರ ನನ್ನ ಒಲೆ ತಣ್ಣಗಿರುತ್ತದೆ. ಇದನ್ನು ಉಪವಾಸ ಸತ್ಯಾಗ್ರಹವೆಂದು ತಿಳಿದು ವಿಚಾರಣೆಗೆ ಯಾರನ್ನೂ ಕಳಿಸಬೇಕಾಗಿಲ್ಲ. ಕಳಿಸುವುದೇ ಆದರೆ ಭಾನುವಾರವೇ ಕಳಿಸಿ. ಕಟ್ಟೆ ಗುಡಿಸಿರುತ್ತೇನೆ, ನೀರು ಬೆಲ್ಲ ಇಟ್ಟಿರುತ್ತೇನೆ.

ಇಂತಿ,
ಹತ್ತದ, ಇಳಿಯದ, ಆದ್ದರಿಂದ ತಮಗೆ ಕಂಡುಬಾರದ
ಷಣ್ಮುಖಪ್ಪ
ಕೆರೆ ತಿರುವು, ಕೆರೆಬಿಳಚಿ ದಾರಿ
ಮಾರ್ಚ್ ೧೯೮೩